ಕಡೀ ಗಾಡಿಯ ಬಡಿಗಿ

ಒಂದು ಮೊಳ ಉದ್ದದ ಜಾಲಿ ಬಡಿಗಿ. ಎರಡೂ ತುದಿಗೆ ಕೆಂಪು ಬಣ್ಣ. ಅದನ್ನು ಒಬ್ಬ ಹೆಣ್ಣುಮಗಳ ಕೈಯಿಂದ ಇಸಿದುಕೊಳ್ಳಲು ಒಬ್ಬ ಮನುಷ್ಯನಿಗೆ ಆಗಲಿಲ್ಲ. ಅದಕ್ಕಾಗಿ ಇನ್ನೊಬ್ಬಳ ಕಾಲು ಮುರಿಯಿತು. ತಪ್ಪು ಮಾತ್ರ ಬಡಿಗಿ ಕೊಟ್ಟವಳ ತಲೆಗೆ ಬಂತು. ಇದನ್ನು ನಾನು ಕಣ್ಣಾರೆ ನೋಡಿದೆ. ನೋಡಿಯೂ ಮೂರು ದಿನ ಸುಮ್ಮನಿದ್ದೆ. ಅದನ್ನೂ ಮುಚ್ಚಿಡದೆ ಬರೆಯುತ್ತೇನೆ.

ಗದಗ ಬೇರೆ ಜಿಲ್ಲೆಯಾಗಿ ಆಗ ಐದಾರು ವರ್ಷವಾಗಿತ್ತು. ಮುಳಗುಂದದಿಂದ ಲಕ್ಷ್ಮೇಶ್ವರದ ಕಡೆಗೆ ರಸ್ತೆ ಅಗಲ ಮಾಡುತ್ತಿದ್ದರು. ಲಕ್ಷ್ಮೇಶ್ವರದಲ್ಲಿದ್ದ ನನ್ನ ತಂಗಿಗೆ ಕಣ್ಣಿನ ಆಪರೇಷನ್ ಆಗಿತ್ತು. ಮಂಗಳವಾರ ಮತ್ತು ಶುಕ್ರವಾರ ನಾನು ಬೆಟಗೇರಿಯಿಂದ ಹೊರಟು, ಗದಗಿನಲ್ಲಿ ಒಂಬತ್ತೂವರೆಯ ಬಸ್ಸು ಹಿಡಿದು ಅವಳ ಮನೆಗೆ ಹೋಗುತ್ತಿದ್ದೆ. ಅಡುಗೆ ಮಾಡಿಟ್ಟು, ಕಣ್ಣಿಗೆ ಔಷಧ ಹಾಕಿ, ಸಂಜೆ ತಿರುಗಿ ಬರುತ್ತಿದ್ದೆ. ಬಸ್ಸಿನ ಡ್ರೈವರ್ ಕಳಕಪ್ಪ ನನಗಾಗಿ ಮುಂದಿನ ಕಿಟಕಿಯ ಸೀಟಿನ ಮೇಲೆ ತನ್ನ ಟವಲು ಹಾಕಿ ಇಡುತ್ತಿದ್ದ. ನಾನು ಕೇಳಿರಲಿಲ್ಲ. ಒಂದು ದಿನ ನಿಂತು ಹೋಗುವುದನ್ನು ನೋಡಿದ್ದ, ಅಷ್ಟೇ.

ಮುಳಗುಂದ ದಾಟಿದ ಮೇಲೆ ಒಂದು ಹಳ್ಳ. ಹಳ್ಳದ ಹತ್ತಿರ ತಿರುವು. ತಿರುವಿನ ಒಳಮಗ್ಗುಲಿಗೆ ದಟ್ಟವಾದ ಜಾಲಿಕಂಟಿ. ಅರ್ಧ ರಸ್ತೆಯನ್ನು ಆಳೆತ್ತರ ಅಗೆದಿದ್ದರು. ಉಳಿದ ಅರ್ಧದಲ್ಲಿ ಒಂದು ಸಲಕ್ಕೆ ಒಂದೇ ಕಡೆಯ ಗಾಡಿ ಹಾಯಬಹುದಿತ್ತು. ಗದಗಿನ ಕಡೆಯ ಈ ತುದಿಯಲ್ಲಿ ಬಾವುಟ ಹಿಡಿದು ಕರಿಯವ್ವ ನಿಲ್ಲುತ್ತಿದ್ದಳು. ಆ ತುದಿಯಲ್ಲಿ ಮಾಶಾಕ. ನಡುವೆ ಅರ್ಧ ಕಿಲೋಮೀಟರ್. ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ. ಕೂಗಿದರೆ ಕೇಳುತ್ತಿರಲಿಲ್ಲ. ಮಾತಾಡಲು ವಾಕಿಟಾಕಿ ಕೊಡುತ್ತೇವೆ ಎಂದು ಕಂಪನಿಯವರು ಹೇಳಿದ್ದರಂತೆ. ಕೊಡಲಿಲ್ಲ. ಕರಿಯವ್ವ ಜಾಲಿಯ ಟೊಂಗೆ ಕಡಿದು, ಮುಳ್ಳು ಸವರಿ, ಬಡಿಗಿ ಮಾಡಿದಳು.

ಬಡಿಗಿಯ ಕೆಲಸ ಹೀಗೆ. ಕರಿಯವ್ವ ತನ್ನ ಕಡೆಯ ಹದಿನೈದೋ ಇಪ್ಪತ್ತೋ ಗಾಡಿಗಳನ್ನು ಬಿಡುತ್ತಾಳೆ. ಆಮೇಲೆ ಕೆಂಪು ಬಾವುಟ ಎತ್ತುತ್ತಾಳೆ. ಕೆಂಪಿಗಿಂತ ಮುಂಚೆ ದಾಟುವ ಕೊನೆಯ ಗಾಡಿಯವನ ಕೈಗೆ ಬಡಿಗಿ ಕೊಡುತ್ತಾಳೆ. ಅವನು ಅದನ್ನು ಆ ತುದಿಯಲ್ಲಿ ಮಾಶಾಕನ ಕೈಗೆ ಮುಟ್ಟಿಸುತ್ತಾನೆ. ಬಡಿಗಿ ಕೈಗೆ ಬಂತೆಂದರೆ ರಸ್ತೆ ಖಾಲಿಯಾಗಿದೆ ಎಂದರ್ಥ. ಆಗ ಮಾಶಾಕ ತನ್ನ ಕಡೆಯವರನ್ನು ಬಿಡುತ್ತಾನೆ. ಅವನ ಕಡೆಯ ಕೊನೆಯ ಗಾಡಿ ಬಡಿಗಿಯನ್ನು ಕರಿಯವ್ವನಿಗೆ ತಂದು ಕೊಡುತ್ತದೆ. ಬಡಿಗಿ ಕೈಯಲ್ಲಿ ಇಲ್ಲದವರು ಗಾಡಿ ಬಿಡುವಂತಿಲ್ಲ.

ನಾನು ಇಪ್ಪತ್ತೆಂಟು ವರ್ಷ ಗದಗಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಊರೂರಿಗೆ ಲೈನು ಜೋಡಿಸಿದವಳು. ಬಿ.ಎ. ಓದಿದವಳು. ಇಷ್ಟು ಗಟ್ಟಿಯಾದ ಏರ್ಪಾಟು ನನಗೆ ಹೊಳೆಯುತ್ತಿರಲಿಲ್ಲ. ಅದಕ್ಕೆ ಬೇಕಾದದ್ದು ಒಂದೇ. ಕೊನೆಗೆ ಬಂದವನು ತಾನು ಕೊನೆಯವನೆಂದು ಒಪ್ಪಬೇಕು.

"ಕಡೀ ಗಾಡೀ... ಬಡಿಗಿ ಹಿಡೀರೀ..." ಎಂದು ಅವಳು ಕೂಗುತ್ತಿದ್ದಳು. ಆ ಕೂಗು ಬಸ್ಸಿನ ಕಡೆಯ ಸೀಟಿಗೂ ಕೇಳುತ್ತಿತ್ತು.

ಸಾಲು ಆ ಅರ್ಧ ರಸ್ತೆಯ ಬಾಯಿಗೆ ಬರುವಲ್ಲಿ ಎರಡಾಗಿ ಒಡೆಯುತ್ತಿತ್ತು. ನಮ್ಮ ಜನಕ್ಕೆ ಒಂದರ ಹಿಂದೆ ಒಂದು ನಿಲ್ಲುವ ರೂಢಿ ಎಲ್ಲಿದೆ? ಬಲಕ್ಕೊಂದು, ಎಡಕ್ಕೊಂದು ಮೂತಿ ತೂರಿಸುತ್ತಿದ್ದರು. ಕರಿಯವ್ವ ನಡುವೆ ನಿಂತು ಎರಡೂ ಕೈ ಆಡಿಸುತ್ತಿದ್ದಳು. "ಹೆಳಲ ಹೆಣದಂಗ ಬರ್ರೆಪಾ! ಆ ಕಡೀದೊಂದು, ಈ ಕಡೀದೊಂದು. ನಿಮ್ಮ ಮನ್ಯಾಗ ಹೆಣ್ಣುಮಕ್ಕಳಿಲ್ಲೇನ? ಹೆಳಲ ಹಾಕೂದು ನೋಡಿಲ್ಲೇನ?" ಜನ ನಗುತ್ತಿದ್ದರು. ನಕ್ಕವರು ಬಿಟ್ಟುಕೊಡುತ್ತಿದ್ದರು. ಎಡದ ಟ್ರ್ಯಾಕ್ಟರು, ಬಲದ ಟಂಟಂ ರಿಕ್ಷಾ, ಎಡದ ಲಾರಿ, ಬಲದ ಬೈಕು. ಎರಡು ಸಾಲು ಜಡೆಯ ಹಾಗೆ ಒಂದಾಗುತ್ತಿತ್ತು.

ಎಲ್ಲರೂ ನಗುತ್ತಿರಲಿಲ್ಲ.

"ಏ, ಬಿಡ! ಏನ್ ನಿಮ್ಮಪ್ಪನ ರಸ್ತೆ ಏನ?" ಎಂದು ಒಬ್ಬ ಲಾರಿಯವನು ಒಂದು ದಿನ ಒದರಿದ.

"ನಮ್ಮಪ್ಪಂದಲ್ಲ" ಎಂದಳು ಕರಿಯವ್ವ. "ಆದ್ರ ನೀ ನಿಂತೀಯಲ್ಲ, ಅದರ ಬುಡಕಿನ ಖಡಿ ಹೊತ್ತಾಕಿ ನಾನು. ಸುಮ್ನ ನಿಂದ್ರು."

ಬೆಳಿಗ್ಗೆ ಎಂಟರಿಂದ ಸಂಜೆ ಆರರ ತನಕ ನಿಂತೇ ಇರಬೇಕು. ಕುಂತರೆ ಬೈಗುಳ. ನೆರಳಿಲ್ಲ. ತಲೆಗೆ ಸೆರಗು, ಸೀರೆಯ ಮೇಲೆ ಕಂಪನಿ ಕೊಟ್ಟ, ಗಂಡಸಿನ ಅಳತೆಯ ಕಿತ್ತಳೆ ಬಣ್ಣದ ಅಂಗಿ, ಮೊಣಕಾಲಿನ ತನಕ. ಒಡೆದ ಕಲ್ಲಿನ ಖಡಿಯ ಬೂದಿ ಹುಬ್ಬಿನ ಮೇಲೆ, ರೆಪ್ಪೆಯ ಮೇಲೆ. ಡಾಂಬರಿನ ಕಾವಿಗೆ ಚಪ್ಪಲಿ ಮೆತ್ತಗಾಗಿ ಅಂಗಾಲಿಗೆ ಅಂಟುತ್ತಿತ್ತು. ನಾನು ಕಿಟಕಿಯಿಂದ ನೀರಿನ ಬಾಟಲಿ ಚಾಚಿದೆ. ಬೇಡವೆಂದಳು.

"ನೀರು ಕುಡದ್ರ ಒಂದಕ್ಕ ಹೋಗಬೇಕಾಗ್ತೈತ್ರಿ ಅಕ್ಕೋರ. ನಾ ಅತ್ತಾಗ ಹೋದ್ರ ಇತ್ತಾಗ ಗಾಡಿ ಗುದ್ದಾಡ್ತಾವು. ಸಂಜೀಕ ಕುಡೀತೀನ್ರಿ."

ಕಣ್ಣಡಕ ಹಾಕಿದ ಮುದುಕಿ ಎಂದರೆ ಶಾಲೆಯ ಅಕ್ಕೋರೇ ಎಂದುಕೊಂಡಿದ್ದಳು. ನಾನು ತಿದ್ದಲಿಲ್ಲ.

ಕೆಂಪು ಎತ್ತಿದ ಕೂಡಲೆ ಕಳಕಪ್ಪ ಇಂಜಿನ್ ಬಂದ್ ಮಾಡುತ್ತಿದ್ದ. ಹೊಗೆ ಅವಳ ಮುಖಕ್ಕೆ ಹೋಗುತ್ತದೆಂದು. ಉಳ್ಳಾಗಡ್ಡಿಯ ಟ್ರ್ಯಾಕ್ಟರಿನವನು ಬಡಿಗಿ ಇಸಿದುಕೊಂಡು ಹೆಗಲ ಮೇಲಿಟ್ಟು, "ಪಲ್ಲಕ್ಕಿ ಹೊತ್ತಂಗಾತ ನೋಡವಾ" ಎನ್ನುತ್ತಿದ್ದ. ಬಡಿಗಿಯ ಸಂಗಡ ಬೇರೆ ಸಾಮಾನೂ ಹೋಗುತ್ತಿತ್ತು. ಕರಿಯವ್ವ ಅರಿವೆಯಲ್ಲಿ ಅರ್ಧ ರೊಟ್ಟಿ, ಪುಂಡಿಪಲ್ಲೆ ಕಟ್ಟಿ ಕಳಿಸುತ್ತಿದ್ದಳು. ಮಾಶಾಕ ಹುರಿದ ಶೇಂಗಾ ಕಳಿಸುತ್ತಿದ್ದ. ರಮಜಾನ್ ಹಬ್ಬದ ಮರುದಿನ ನಮ್ಮ ಬಸ್ಸಿಗೆ ಎದುರಾದ ಟಂಟಂನವನ ಒಂದು ಕೈಯಲ್ಲಿ ಬಡಿಗಿ, ತೊಡೆಯ ಮೇಲೆ ಸುರಕುಂಬಾ ಪಾಯಸದ ಡಬ್ಬಿ. ಚೆಲ್ಲೀತೆಂದು ಆಮೆಯ ಹಾಗೆ ಬಂದ. ಹಿಂದೆ ಯಾರೂ ಹಾರನ್ ಹೊಡೆಯಲಿಲ್ಲ. ಡಬ್ಬಿಯಲ್ಲಿದ್ದದ್ದನ್ನು ಮಾಡಿದವಳು ಅಲ್ಮಾಸಬಿ, ಮಾಶಾಕನ ಹೆಂಡತಿ. ಅವಳು ಇಬ್ಬರ ನಡುವೆ, ತಿರುವಿನಲ್ಲಿ, ಬುಟ್ಟಿಯಲ್ಲಿ ಖಡಿ ಹೊತ್ತು ಹಾಕುತ್ತಿದ್ದಳು.

ಕರಿಯವ್ವ ಕೇರಿಯವಳು. ಯಾವ ಕೇರಿ ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ. ಕೇರಿ ಎಂದರೆ ಸಾಕು.

*

ಆ ಮಂಗಳವಾರ ನಮ್ಮ ಬಸ್ಸೇ ಕಡೀ ಗಾಡಿ ಆಗಬೇಕಿತ್ತು. ಕರಿಯವ್ವ ಬಡಿಗಿ ಎತ್ತಿ ಕಳಕಪ್ಪನ ಕಡೆ ಬರುತ್ತಿದ್ದಳು. ಅಷ್ಟರಲ್ಲಿ ಹಿಂದಿನಿಂದ ಒಂದು ಬಿಳಿ ಜೀಪು ಸಾಲನ್ನೆಲ್ಲ ಬಿಟ್ಟು ಬಲಮಗ್ಗುಲಿನಿಂದ ನುಗ್ಗಿ ನಮ್ಮ ಮುಂದೆ ಅಡ್ಡ ಬಂತು. ಕಳಕಪ್ಪ ಬ್ರೇಕ್ ಒತ್ತಿದ. ನನ್ನ ಹಣೆ ಕಂಬಿಗೆ ಬಡಿಯಿತು.

ಜೀಪಿನಲ್ಲಿ ಇದ್ದವನು ಅಂದಾನಪ್ಪಗೌಡ. ತಾನೇ ಓಡಿಸುತ್ತಿದ್ದ. ಆ ರಸ್ತೆಗೆ ಖಡಿ ಬರುತ್ತಿದ್ದದ್ದು ಅವನ ಕ್ರಷರಿನಿಂದ.

ದಾರಿಯ ಬಾಯಿ ಮುಚ್ಚಿ ನಿಂತ ಜೀಪನ್ನು ಹಿಂದಕ್ಕೆ ಸರಿಸು ಎನ್ನುವುದು ಯಾರಿಗಾಗುತ್ತದೆ? ಕರಿಯವ್ವ ಬಡಿಗಿಯನ್ನು ಅವನ ಕಿಟಕಿಗೆ ಚಾಚಿದಳು. "ಆತು, ನೀವ ಕಡೀ ಗಾಡಿ ಆದ್ರಿ. ಹಿಡೀರಿ ಯಪ್ಪಾ."

"ಯಾರು ಕಡೀ?" ಎಂದ.

"ಬಡಿಗೀರಿ... ಆ ತುದೀಗೆ ಮಾಶಾಕ ಅದಾನ, ಅವನ ಕೈಯಾಗ..."

"ಕೈಯಾಗ ಬ್ಯಾಡ. ಬಾನೆಟ್ ಮ್ಯಾಲ ಇಟ್ಟು ಸರಿ."

ಇಟ್ಟು ಸರಿ. ಆ ಮಾತು ನನಗೆ ಗೊತ್ತು. ನನ್ನ ಅವ್ವನ ಬಾಯಲ್ಲಿ ದಿನಾ ಕೇಳಿದ್ದೇನೆ. ಕೇರಿಯ ಹೆಣ್ಣುಮಗಳು ಮೊರ ತಂದರೆ, ಕಸಬರಿಗೆ ತಂದರೆ, ಅವ್ವ ಹೊಸ್ತಿಲಲ್ಲಿ ನಿಂತು ಹೇಳುತ್ತಿದ್ದಳು, ಇಟ್ಟು ಸರಿ. ಅವಳು ನೆಲಕ್ಕಿಟ್ಟು ನಾಲ್ಕು ಹೆಜ್ಜೆ ಹಿಂದೆ ಹೋದ ಮೇಲೆ ಅವ್ವ ಎತ್ತಿಕೊಳ್ಳುತ್ತಿದ್ದಳು. ಅವ್ವ ಕೆಟ್ಟವಳಲ್ಲ ಎಂದು ನಾನು ಐವತ್ತು ವರ್ಷ ಹೇಳಿಕೊಂಡು ಬಂದಿದ್ದೆ.

ಕರಿಯವ್ವ ಬಡಿಗಿಯನ್ನು ಬಾನೆಟ್ಟಿನ ಮೇಲೆ ಇಟ್ಟಳು. ಸರಿದಳು. ಜೀಪು ಧೂಳೆಬ್ಬಿಸಿ ಹೋಯಿತು. ತಿರುವು ಬರುವ ಮುಂಚೆ ಬಡಿಗಿ ಕುಣಿಯುವುದು ನನಗೆ ಕಂಡಿತು. ಆಮೇಲೆ ಜಾಲಿಕಂಟಿ ಅಡ್ಡ ಬಂತು.

ಅದು ತಿರುವಿನ ತೆಗ್ಗಿನಲ್ಲಿ ಕೆಳಗೆ ಬಿತ್ತು. ಗೌಡ ನಿಲ್ಲಲಿಲ್ಲ. ಆ ತುದಿಯಲ್ಲಿ ಮಾಶಾಕ ಬಡಿಗಿ ಕೇಳಿದನಂತೆ. "ಎಂಥಾ ಬಡಿಗಿಲೇ? ನನ್ನ ಹಿಂದ ಯಾರಿಲ್ಲ, ಬಿಡು" ಎಂದು ಗೌಡ ಹೋದನಂತೆ. ಮಾಶಾಕ ಬಿಡಲಿಲ್ಲ. ಬಡಿಗಿ ಕೈಯಲ್ಲಿಲ್ಲ, ಬಿಡುವುದು ಹೇಗೆ? ತನ್ನ ಕಡೆಯವರ ಬೈಗುಳ ತಿನ್ನುತ್ತ ನಿಂತ. ಬಿದ್ದ ಬಡಿಗಿಯನ್ನು ಎಷ್ಟೋ ಹೊತ್ತಿನ ಮೇಲೆ ನೋಡಿದವಳು ಅಲ್ಮಾಸಬಿ. ಬುಟ್ಟಿ ಬೋರಲು ಹಾಕಿ, ಬಡಿಗಿ ಎತ್ತಿಕೊಂಡು, ಗಂಡನಿಗೆ ಮುಟ್ಟಿಸಲು ಆ ತುದಿಗೆ ನಡೆದಳು.

ನಮ್ಮ ಕಡೆ ಕಾಲು ತಾಸಾಯಿತು. ಹಾರನ್ನು ಶುರುವಾಯಿತು. ಸೂಪರ್‌ವೈಜರ್ ಫಕೀರೇಶ ಬೈಕಿನ ಮೇಲೆ ಬಂದ.

"ಯಾಕ ನಿಂದ್ರಿಸಿ? ಬಿಡು."

"ಆ ಕಡೆ ಗಾಡಿ ಬಂದಿಲ್ರಿ ಸಾಹೇಬ್ರ. ಬಡಿಗಿ ಬಂದಿಲ್ಲ."

"ಅದಕ್ಕ ಹೇಳಾಕತ್ತೀನಿ, ಯಾರೂ ಇಲ್ಲಂತ. ಬಿಡು!"

"ಬಡಿಗಿ ಇಲ್ಲದ ನಾ ಬಿಡಾಂಗಿಲ್ರಿ."

ಅವನು ಅವಳ ಕೈಯಿಂದ ಹಸಿರು ಬಾವುಟ ಕಸಿದುಕೊಂಡ. ತಾನೇ ಬೀಸಿದ. ಮುಂದೆ ನಿಂತದ್ದು ನಮ್ಮ ಬಸ್ಸು. ಕಳಕಪ್ಪ ಕೀಲಿ ತಿರುಗಿಸಲಿಲ್ಲ. "ಬಡಿಗಿ ಬರ್ಲಿರಿ" ಎಂದ. ನಮ್ಮ ಹಿಂದೆ ಗೌಡನ ಕ್ರಷರಿನ ಟಿಪ್ಪರ್ ಇತ್ತು. ಅದು ನಮ್ಮನ್ನು ಹಾಯ್ದು ಹೋಯಿತು.

ಟಿಪ್ಪರ್ ಬಂದದ್ದು ಅಲ್ಮಾಸಬಿಯ ಬೆನ್ನ ಹಿಂದಿನಿಂದ. ಒಂದು ಕಡೆ ಜಾಲಿ, ಒಂದು ಕಡೆ ಅಗೆದ ಗುಂಡಿ. ಅವಳು ಗುಂಡಿಗೆ ಹಾರಿದಳು. ಬಲಗಾಲು ಮೇಲೆಯೇ ಉಳಿಯಿತು. ಗಾಲಿ ಅದರ ಮೇಲೆ ಹಾಯಿತು.

ಗುಂಡಿಯಿಂದ ಎತ್ತುವಾಗಲೂ ಬಡಿಗಿ ಅವಳ ಕೈಯಲ್ಲಿತ್ತು.

ನಮ್ಮ ಬಸ್ಸನ್ನೇ ಖಾಲಿ ಮಾಡಿದರು. ನಾವೆಲ್ಲ ಇಳಿದೆವು. ಒಬ್ಬಳು ಹೊಸ ಸೀರೆಯ ಮಡಿಕೆ ಬಿಚ್ಚಿ ಆ ಕಾಲಿನ ಕೆಳಗೆ ಹಾಸಿದಳು, ಯಾರದೋ ಮದುವೆಗೆ ಒಯ್ಯುತ್ತಿದ್ದ ಸೀರೆ. ಕಳಕಪ್ಪ ಬಸ್ಸು ತಿರುವಿದ. ಹಿಂದೆ ನಿಂತಿದ್ದ ಅಷ್ಟೂ ಗಾಡಿಗಳು, ಯಾರೂ ಹೇಳದೆ, ಹೊಲದ ಅಂಚಿಗೆ ಇಳಿದು ದಾರಿ ಬಿಟ್ಟವು. ಬೆಳಗಿನಿಂದ ಒಬ್ಬರಿಗೊಬ್ಬರು ಅಂಗುಲ ಜಾಗ ಕೊಡದವರು. ಮಾಶಾಕ ಹೆಂಡತಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗದಗಿಗೆ ಹೋದ. ಹೋಗುವಾಗ ಬಡಿಗಿಯನ್ನು ಕರಿಯವ್ವನ ಕೈಗೆ ಕೊಟ್ಟ.

ಮುಂದಿನ ಬಸ್ಸಿಗೆ ಕಾಯುತ್ತ ನಾನು ಅಲ್ಲೇ ನಿಂತೆ. ಪೊಲೀಸಿನವನೊಬ್ಬ ಬಂದ. ಫಕೀರೇಶ ಅವನಿಗೆ ಕುರ್ಚಿ ತರಿಸಿದ. ಕೈ ಚಾಚಿ ತೋರಿಸಿದ.

"ಈಕೀನ ಹಸಿರು ತೋರ್ಸಿದ್ದು. ಓದು ಬರಹ ಇಲ್ಲ. ಬಣ್ಣ ಸೈತ ಗೊತ್ತಾಗಂಗಿಲ್ಲ."

ಕರಿಯವ್ವ, "ಸುಳ್ಳರಿ" ಎಂದಳು.

"ಯಾರರ ನೋಡೀರೇನ್ರಿ?" ಎಂದು ಪೊಲೀಸಿನವನು ಸುತ್ತ ನೋಡಿದ. ಮುಂದಿನ ಸೀಟಿನಲ್ಲಿದ್ದವರಲ್ಲಿ ಅಲ್ಲಿ ಉಳಿದವಳು ನಾನೊಬ್ಬಳೇ. ಕರಿಯವ್ವ ನನ್ನನ್ನು ನೋಡಿದಳು. ಬೇಡಲಿಲ್ಲ. ಬರೀ ನೋಡಿದಳು.

ತಂಗಿಗೆ ಔಷಧ ಹಾಕುವ ಹೊತ್ತಾಯಿತು ಎಂದು ನಾನು ಅಂದುಕೊಂಡೆ. ಅದು ನೆವ. ನನಗೆ ಅಂಜಿಕೆಯಾಗಿತ್ತು. ಬಸ್ಸು ಬಂತು, ಹತ್ತಿ ಹೋದೆ.

ಗೌಡ ಇಟ್ಟು ಸರಿ ಎಂದಿದ್ದ. ನಾನು ಏನನ್ನೂ ಇಡದೆಯೇ ಸರಿದಿದ್ದೆ.

*

ಶುಕ್ರವಾರ ಕಳಕಪ್ಪನೇ ಬಂದಿದ್ದ. ಟವಲು ಸೀಟಿನ ಮೇಲಿತ್ತು. ಅಲ್ಮಾಸಬಿಯ ಕಾಲಿಗೆ ರಾಡು ಹಾಕಿದ್ದಾರೆ, ತಾಯಿ ರೋಶನಬಿ ಹತ್ತಿರ ಇದ್ದಾಳೆ, ಮಾಶಾಕ ನಿನ್ನೆಯಿಂದ ಕೆಲಸಕ್ಕೆ ಬಂದಿದ್ದಾನೆ ಎಂದು ಹೇಳಿದ. "ಬರಲಿಲ್ಲಂದ್ರ ಇಬ್ಬರ ಕೆಲಸಾನೂ ಹೋಗ್ತೈತಿ ಅಂದಾರಂತ್ರಿ."

ಹಳ್ಳದ ಬಾಯಿಗೆ ನಮ್ಮ ಬಸ್ಸು ಬಂದಾಗ ಕೆಂಪು. ನಾವೇ ಮುಂದೆ. ಹಿಂದೆ ಹತ್ತಿಪ್ಪತ್ತು ಗಾಡಿ. ಆ ಕಡೆಯ ಕೊನೆಯ ಗಾಡಿ ಆಗಷ್ಟೇ ಬಡಿಗಿ ಕೊಟ್ಟು ಹೋಗಿತ್ತು. ಕರಿಯವ್ವನ ಪಕ್ಕ ಫಕೀರೇಶ ನಿಂತಿದ್ದ. ಅವನ ಕೈಯಲ್ಲಿ ಉದ್ದನೆಯ ಬಿದಿರಿನ ಗಳ. ತುದಿಗೆ ತಂತಿಯಿಂದ ಬಿಗಿದ ಎಣ್ಣೆಯ ಡಬ್ಬಿ.

"ಇನ್ನ ಮ್ಯಾಲ ಬಡಿಗಿ ಇದರಾಗ ಹಾಕಿ ಎತ್ತಿ ಹಿಡಿ. ಅವರು ತಗೋತಾರ. ಯಾರದೂ ತಕರಾರಿಲ್ಲ, ಬೀಳೂ ಚಿಂತಿಲ್ಲ."

ಕರಿಯವ್ವ ಡಬ್ಬಿ ನೋಡಿದಳು. "ಯಾರ ತಕರಾರು ಇತ್ರಿ ಸಾಹೇಬ್ರ? ನಾಕು ತಿಂಗಳಾತು ಕೊಡಾಕತ್ತಿ. ಟ್ರ್ಯಾಕ್ಟರ್‌ನವರು ತಗೊಂಡ್ರು, ಬಸ್ಸಿನವರು ತಗೊಂಡ್ರು. ತಕರಾರು ಒಬ್ಬರದ."

"ಮಾತು ಬ್ಯಾಡ. ಮತ್ತ ಇದಕ್ಕ ಸಹಿ ಮಾಡು." ಕಿಸೆಯಿಂದ ಮಡಿಸಿದ ಕಾಗದ ತೆಗೆದ. "ತಪ್ಪಿ ಹಸಿರು ತೋರ್ಸಿದೆ ಅಂತ ಐತಿ. ದೊಡ್ಡ ಕೇಸ್ ಆಗಂಗಿಲ್ಲ. ಕೆಲಸ ಉಳೀತೈತಿ. ನಿನ್ನ ಸಲುವಾಗಿನ ಮಾಡೀನಿ."

"ಹಸಿರು ತೋರ್ಸಿದಾಕಿ ನಾ ಅಲ್ಲ."

"ಹಂಗಾರ ನಾಳಿಂದ ಬರಬ್ಯಾಡ."

ಆಗಲೇ ಹಿಂದೆ ಹಾರನ್ ಕೇಳಿತು. ಒಂದೇ ಸಮನೆ, ಬೆರಳೆತ್ತದೆ ಒತ್ತುವ ಹಾರನ್. ಕಳಕಪ್ಪ ಕನ್ನಡಿಯಲ್ಲಿ ನೋಡಿದ. ಬಿಳಿ ಜೀಪು ಬಲಮಗ್ಗುಲಿನಿಂದ ಸಾಲನ್ನೆಲ್ಲ ಹಾಯ್ದು ಬರುತ್ತಿತ್ತು.

ಕಳಕಪ್ಪ ಇಂಜಿನ್ ಚಾಲೂ ಮಾಡಿದ. ಬಸ್ಸನ್ನು ಒಂದೇ ಗಜ ಮುಂದೆ ತಂದು ಬಾಯಿಗೆ ಅಡ್ಡ ನಿಲ್ಲಿಸಿದ. ಹಿಂದಿನ ಉಳ್ಳಾಗಡ್ಡಿ ಟ್ರ್ಯಾಕ್ಟರು ಬಸ್ಸಿಗೆ ಅಂಟಿ ಬಂತು. ಅದರ ಹಿಂದೆ ಟಂಟಂ. ಅದರ ಹಿಂದೆ ಲಾರಿ. ಸಾಲಿನಲ್ಲಿ ಒಂದು ಬೆರಳು ತೂರುವಷ್ಟೂ ಜಾಗ ಉಳಿಯಲಿಲ್ಲ. ಜೀಪು ಹೊರಗೆ, ತಪ್ಪು ಮಗ್ಗುಲಿನಲ್ಲಿ, ಬಸ್ಸಿನ ಪಕ್ಕ ಬಂದು ನಿಂತಿತು.

ಗೌಡ ಕಿಟಕಿಯಿಂದ ಮುಖ ಹಾಕಿದ. "ಏ ಡ್ರೈವರಾ, ಹಿಂದ ತಗಿ!"

"ಹಿಂದ ಜಾಗಿಲ್ರಿ ಗೌಡ್ರ" ಎಂದ ಕಳಕಪ್ಪ. "ಟ್ರ್ಯಾಕ್ಟರ್ ಮುತ್ತು ಕೊಡಾಕತ್ತೈತಿ."

ಬಸ್ಸಿನಲ್ಲಿ ನಗು ಎದ್ದಿತು. ಫಕೀರೇಶ ಓಡಿದ. "ಗೌಡ್ರ, ಒಂದ ನಿಮಿಷರಿ. ಏ ಕರಿಯವ್ವ, ಮೊದಲ ಜೀಪು ಬಿಡು!"

ಕರಿಯವ್ವ ಕೆಂಪು ಬಾವುಟವನ್ನು ನೆಲಕ್ಕೆ ನೆಟ್ಟು ಜೀಪಿನ ಮುಂದೆ ಬಂದು ನಿಂತಳು.

"ಸಾಲಿಗೆ ಬರ್ರಿ" ಎಂದಳು.

"ಏನಂದಿ?"

"ಸಾಲಿಗೆ ಬರ್ರಿ ಅಂದೆ. ಸಾಲಿನ ಕಡೀಕ ನಿಂದರ್ರಿ. ಬಡಿಗಿ ತಗೊಂಡು ಹೋಗ್ರಿ."

"ನಾ ಯಾರು ಅಂತ ಗೊತ್ತೈತೇನ ನಿನಗ?"

"ಗೊತ್ತೈತ್ರಿ. ಕಡೀ ಗಾಡಿಯವ್ರು."

ಈ ಸಲ ನಗು ಬಸ್ಸಿನಲ್ಲಷ್ಟೇ ಅಲ್ಲ, ಸಾಲಿನ ಉದ್ದಕ್ಕೂ ಹೋಯಿತು. ಗೌಡನ ಮುಖ ಕೆಂಪಾಯಿತು. "ಬಾಯಿ ಭಾಳ ಆಗೇತಿ. ನಾನು ಕಡೀಕ ನಿಂದ್ರೂ ಮನಿಶಾ ಏನ?"

"ನಾವು ಹುಟ್ಟಿದಾಗಿಂದ ಕಡೀಕ ನಿಂತೀವ್ರಿ" ಎಂದಳು ಕರಿಯವ್ವ. ದನಿ ಏರಿಸಲಿಲ್ಲ. "ನೀರಿಗೆ ಕಡೀಕ. ಗುಡಿಗೆ ಕಡೀಕ. ಊಟಕ್ಕ ಕಡೀಕ, ಅದೂ ಎಲಿ ಎತ್ತಿದ ಮ್ಯಾಲ. ನಮಗೇನೂ ಆಗಿಲ್ಲ, ಜೀವಂತ ಅದೀವಿ. ನೀವು ಒಂದ ದಿನ ನಿಂತ್ರ ಸಾಯಂಗಿಲ್ರಿ."

ಫಕೀರೇಶ ಬಿದಿರಿನ ಗಳ ತಂದು ಅವಳ ಕೈಗೆ ತುರುಕಿದ. "ಡಬ್ಯಾಗ ಹಾಕಿ ಕೊಡು, ಹಾಳಾಗಿ ಹೋಗ್ಲಿ!"

ಅವಳು ಗಳವನ್ನು ಮೊಣಕಾಲಿಗೆ ಕೊಟ್ಟು ಮುರಿಯಲು ನೋಡಿದಳು. ಹಸಿ ಬಿದಿರು, ಮುರಿಯಲಿಲ್ಲ. ಹಾಗೇ ಎತ್ತಿ ಗುಂಡಿಗೆ ಒಗೆದಳು. ಡಬ್ಬಿ ಕಲ್ಲಿಗೆ ಬಡಿದು ಸದ್ದಾಯಿತು. ಅಲ್ಮಾಸಬಿ ಹಾರಿದ್ದ ಗುಂಡಿಯೇ ಇಲ್ಲಿಯ ತನಕ ಬಂದಿತ್ತು.

ಫಕೀರೇಶ ಅವಳ ಅಂಗಿಯ ತೋಳು ಹಿಡಿದು ಎಳೆದ. ಅವಳು ಕೊಸರಲಿಲ್ಲ. ಬಟನ್ನು ಬಿಚ್ಚಿ ಅಂಗಿಯನ್ನೇ ಕಳಚಿ ಅವನ ಕೈಗೆ ಕೊಟ್ಟಳು. "ಅಂಗಿ ನಿಮ್ದು, ತಗೋರಿ. ಝಂಡಾ ನಿಮ್ದು, ತಗೋರಿ. ಬಡಿಗಿ ನಂದು. ಜಾಲಿ ಕಡದಾಕಿ ನಾನು, ಮುಳ್ಳು ಚುಚ್ಚಿಸಿಕೊಂಡಾಕಿ ನಾನು." ಆಮೇಲೆ ಗೌಡನ ಕಡೆ ತಿರುಗಿ ಬಡಿಗಿ ಚಾಚಿದಳು. "ಈ ಬಡಿಗಿ ನೆಲದ ಮ್ಯಾಲ ಇಡಂಗಿಲ್ಲ. ಗಾಡಿ ಮ್ಯಾಲ ಇಡಂಗಿಲ್ಲ. ಇಟ್ಟಿದ್ದಕ್ಕ ಒಬ್ಬಾಕಿ ಕಾಲು ಹೋತು. ಇದು ಕೈಯಾಗಿಂದ ಕೈಯಾಗ ಹೋಗೂದು. ನನ್ನ ಕೈಲೆ ತಗೋರಿ, ಇಲ್ಲಾ ಹೊಳ್ಳಿ ಹೋಗ್ರಿ."

ಕಳಕಪ್ಪ ಇಂಜಿನ್ ಬಂದ್ ಮಾಡಿದ. ಹಿಂದೆ ಟ್ರ್ಯಾಕ್ಟರು ಬಂದ್ ಆಯಿತು. ಟಂಟಂ ಬಂದ್ ಆಯಿತು. ಒಂದೊಂದಾಗಿ ಇಡೀ ಸಾಲು ತಣ್ಣಗಾಯಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ಜಾಲಿಕಂಟಿಯಲ್ಲಿ ಹಕ್ಕಿಯ ದನಿ ಕೇಳಿತು. ಜೀಪು ಒಂದೇ ಗುರ್ ಎನ್ನುತ್ತಿತ್ತು.

ಅವಳ ಕೈ ನೆಟ್ಟಗೆ ಚಾಚಿತ್ತು. ನನಗೆ ಹತ್ತಿರದಿಂದ ಕಾಣುತ್ತಿತ್ತು. ಅಂಗೈಯಲ್ಲಿ ಡಾಂಬರಿನ ಕಲೆ, ಉಗುರಿನ ಬುಡದಲ್ಲಿ ಖಡಿಯ ಬೂದಿ. ಗೌಡ ಆ ಕೈಯನ್ನು ನೋಡಿದ. ಸಾಲನ್ನು ನೋಡಿದ. ಜೀಪನ್ನು ಹಿಂದಕ್ಕೆ ತೆಗೆದ. ಅದು ಹೊಲದ ಅಂಚಿಗೆ ಇಳಿದು, ಕೆರೆದುಕೊಂಡು, ತಿರುಗಿತು. ಬಂದ ದಾರಿಯಲ್ಲೇ ಹೋಯಿತು. ಮುಂದೆ ಲಕ್ಷ್ಮೇಶ್ವರಕ್ಕೆ ಇನ್ನರ್ಧ ತಾಸಿನ ದಾರಿ. ಅವನು ಗದಗಿಗೆ ಮರಳಿ, ಶಿರಹಟ್ಟಿಯ ಮೇಲೆ ಸುತ್ತಿ ಹೋದನಂತೆ. ಒಂದು ಮೊಳ ಬಡಿಗಿಯನ್ನು ಮುಟ್ಟಬಾರದೆಂದು ಅಷ್ಟು ದೂರ.

"ಡೀಸೆಲ್ಲಿಗೆ ಕೇಡು" ಎಂದ ಟ್ರ್ಯಾಕ್ಟರಿನವನು.

ಫಕೀರೇಶ ಅಂಗಿ ಹಿಡಿದು ನಿಂತಿದ್ದ. ಇನ್ನೊಂದು ಕೈಯಲ್ಲಿ ಆ ಕಾಗದ. "ನಿನ್ನ ಹಣೇಬರಾ" ಎಂದ. "ಇದರ ಮ್ಯಾಲ ಸಹಿ ಮಾಡಿದ್ರ ಪಾರಾಗ್ತಿದ್ದಿ. ಇನ್ನ ನಾನ ಬರದು ಕೊಡ್ತೀನಿ. ನೋಡಿದವರು ಯಾರಿಲ್ಲ."

ನಾನು ಬಸ್ಸಿನಿಂದ ಇಳಿದೆ. ಮೆಟ್ಟಿಲು ಎತ್ತರ. ಕಂಡಕ್ಟರ್ ಹನಮಂತವ್ವ, ಆಗಿನ್ನೂ ಹೆಣ್ಣುಮಕ್ಕಳು ಆ ಕೆಲಸಕ್ಕೆ ಬರುವುದು ಅಪರೂಪ, ನನ್ನ ರಟ್ಟೆ ಹಿಡಿದು ಇಳಿಸಿದಳು.

"ಆ ಕಾಗದ ಕೊಡ್ರಿ" ಎಂದೆ.

"ನಿಮಗ್ಯಾಕ್ರಿ ಅಜ್ಜಿ?"

"ಓದತೀನಿ. ಆಕೀಗೆ ಓದು ಬರಹ ಇಲ್ಲಂತ ನೀವ ಹೇಳೀರಿ. ನನಗ ಬರ್ತೈತಿ."

ಅವನು ಕೊಡುವ ಮುಂಚೆಯೇ ನಾನು ತೆಗೆದುಕೊಂಡಿದ್ದೆ. ಎಕ್ಸ್‌ಚೇಂಜಿನ ದನಿ ಮುದಿಯಾಗಿರಲಿಲ್ಲ. ಟ್ರಂಕ್ ಲೈನಿನ ಗದ್ದಲದಲ್ಲಿ ಹುಬ್ಬಳ್ಳಿಗೆ ಕೇಳಿಸಿದ ದನಿ. ಇಡೀ ಸಾಲಿಗೆ ಕೇಳುವ ಹಾಗೆ ಓದಿದೆ. 'ನಾನು ಕರಿಯವ್ವ, ನನ್ನ ಅಜ್ಞಾನದಿಂದ ಹಸಿರು ಬಾವುಟ ತೋರಿಸಿದ್ದರಿಂದ...'

"ಸುಳ್ಳು!" ಎಂದ ಕಳಕಪ್ಪ ಮೇಲಿನಿಂದ. "ಬೀಸಿದಾಂವ ನಿಂತಾನ ನೋಡ್ರಿ, ಅಂಗಿ ಹಿಡಕೊಂಡು."

ಕಾಗದ ತಿರುವಿದೆ. ಬೆನ್ನು ಖಾಲಿಯಿತ್ತು. ಬಸ್ಸಿನ ಬಾನೆಟ್ಟಿಗೆ ಒತ್ತಿ ಹಿಡಿದು ಬರೆದೆ. ಜೀಪು ಸಾಲು ಮುರಿದದ್ದು. ಬಡಿಗಿಯನ್ನು ಕೈಯಲ್ಲಿ ಇಸಿದುಕೊಳ್ಳದೆ 'ಇಟ್ಟು ಸರಿ' ಎಂದದ್ದು. ಬಡಿಗಿ ಬಂದಿಲ್ಲವೆಂದು ಕರಿಯವ್ವ ತಡೆದದ್ದು. ಬಾವುಟ ಕಸಿದು ಬೀಸಿದ್ದು ಯಾರೆಂಬುದು. ಮಂಗಳವಾರ ಪೊಲೀಸರು ಕೇಳಿದಾಗ ನಾನು ಹೇಳದೆ ಹೋದದ್ದು. ಕೆಳಗೆ ನನ್ನ ಹೆಸರು, ನೀಲಗಂಗಾ ಎಂದು ಬರೆದು, ಬೆಟಗೇರಿಯ ಮನೆಯ ನಂಬರು ಹಾಕಿದೆ. ಕಳಕಪ್ಪ ಇಳಿದು ಬಂದು ಸಹಿ ಮಾಡಿ ಬ್ಯಾಡ್ಜಿನ ನಂಬರು ಬರೆದ. ಹನಮಂತವ್ವ ಮಂಗಳವಾರ ರಜೆಯಲ್ಲಿದ್ದಳು. "ನಾ ನೋಡಿಲ್ರಿ. ಇವತ್ತಿಂದು ನೋಡೀನಿ, ಅದನ್ನ ಬರೀತೀನಿ" ಎಂದು ಡಬ್ಬಿಯ ಸಂಗತಿ ಬರೆದಳು. ಮಂಗಳವಾರ ಬಸ್ಸಿನಲ್ಲಿದ್ದ ಇನ್ನೂ ಮೂವರು ಇದ್ದರು. ಬರೆಯಲು ಬಾರದ ಒಬ್ಬ ಅಜ್ಜ ಇಂಕು ಕೇಳಿದ. ಇರಲಿಲ್ಲ. ಡಾಂಬರಿನ ಪೀಪಾಯಿಗೆ ಹೆಬ್ಬೆಟ್ಟು ಒರೆಸಿ ಒತ್ತಿದ.

"ಆ ಕಾಗದ ನಂದು, ಕೊಡ್ರಿ" ಎಂದ ಫಕೀರೇಶ.

ಕರಿಯವ್ವ ಅದನ್ನು ಮಡಿಸಿ ಕುಪ್ಪಸದೊಳಗೆ ಇಟ್ಟಳು. "ಬರ್ರಿ, ತಗೋರಿ" ಎಂದಳು.

"ಸಂಜಿ ಹೊಳ್ಳಿ ಬರ್ತೀನಿ" ಎಂದೆ ನಾನು. "ಇಬ್ಬರೂ ಕೂಡಿ ಠಾಣೆಗೆ ಹೋಗೂಣು."

ಅವಳು ತಲೆಯಾಡಿಸಿದಳು. ಮಂಗಳವಾರದ ಬಗ್ಗೆ ನನಗೆ ಏನೂ ಅನ್ನಲಿಲ್ಲ. ಅನ್ನಬಹುದಿತ್ತು.

"ನಾಳಿಂದ ಬರಬ್ಯಾಡ ಅಂದೀನಿ!" ಎಂದು ಫಕೀರೇಶ ಮತ್ತೆ ಕೂಗಿದ. "ನಿಂತೀಯಲ್ಲ ಇನ್ನೂ?"

"ನಾಳಿಂದ ಅಂದ್ರಲ್ರಿ" ಎಂದಳು ಕರಿಯವ್ವ. "ಇವತ್ತಿನ ದಿನ ನಂದ ಐತಿ."

ನೆಟ್ಟ ಬಾವುಟ ಕಿತ್ತಳು. ಹಸಿರು ಬೀಸಿದಳು. ಅಂಗಿಯಿಲ್ಲದೆ, ಮಾಸಿದ ನೀಲಿ ಸೀರೆಯಲ್ಲಿ, ಎರಡೂ ಕೈ ಆಡಿಸಿ ಗಾಡಿಗಳನ್ನು ಹೆಣೆದಳು. ಕಳಕಪ್ಪ ಬಸ್ಸನ್ನು ಪಕ್ಕಕ್ಕೆ ತೆಗೆದು ಎಲ್ಲರನ್ನೂ ಮುಂದೆ ಬಿಟ್ಟ. ಟ್ರ್ಯಾಕ್ಟರು, ಟಂಟಂ, ಲಾರಿ, ಬೈಕು, ಮತ್ತೊಂದು ಲಾರಿ. ಹೋಗುವಾಗ ಒಬ್ಬೊಬ್ಬರೂ ಕೈ ಎತ್ತಿದರು. ಕೊನೆಗೆ ನಾವು ಉಳಿದೆವು.

"ಕಡೀ ಗಾಡೀ... ಬಡಿಗಿ ಹಿಡೀರೀ..."

ಅವಳು ಕಳಕಪ್ಪನ ಕಡೆ ಹೋಗಲಿಲ್ಲ. ನನ್ನ ಕಿಟಕಿಗೆ ಬಂದಳು. ನಾನು ಎರಡೂ ಕೈ ಚಾಚಿದೆ. ಬಡಿಗಿ ಬೆಚ್ಚಗಿತ್ತು, ಬೆವರಿನಿಂದ ಜಾರುತ್ತಿತ್ತು. ನನ್ನ ಬೆರಳು ಅವಳ ಬೆರಳಿಗೆ ತಾಗಿತು. ಅರವತ್ತೈದು ವರ್ಷಕ್ಕೆ ಮೊದಲ ಸಲ ಕೇರಿಯ ಒಂದು ಕೈಯಿಂದ ನನ್ನ ಕೈಗೆ ಏನೋ ನೇರವಾಗಿ ಬಂದಿತ್ತು. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತದೆ. ಬರೆಯುತ್ತೇನೆ.

ಬಸ್ಸು ನಿಧಾನ ಹೋಯಿತು. ತಿರುವಿನಲ್ಲಿ ಅಲ್ಮಾಸಬಿಯ ಬುಟ್ಟಿ ಬೋರಲು ಬಿದ್ದೇ ಇತ್ತು. ಕಳಕಪ್ಪ ಅದನ್ನು ಬಳಸಿಕೊಂಡು ಹೋದ. ಆ ತುದಿಯಲ್ಲಿ ಮಾಶಾಕ ಕೆಂಪು ಬಾವುಟ ಹಿಡಿದು ನಿಂತಿದ್ದ. ಮೂರು ದಿನದ ಗಡ್ಡ. ಕಣ್ಣು ಕೆಂಪು. ಅವನ ಹಿಂದೆ ಉದ್ದನೆಯ ಸಾಲು, ಹಾರನ್ನು, ಬೈಗುಳ.

"ಕಡೀ ಗಾಡಿ ಯಾವುದ್ರಿ?" ಎಂದು ಕೇಳಿದ.

ನಾನು ಕಿಟಕಿಯಿಂದ ಕೈ ಚಾಚಿ ಬಡಿಗಿಯನ್ನು ಅವನ ಕೈಯಲ್ಲಿ ಇಟ್ಟೆ.

"ನಮ್ದ, ಮಾಶಾಕ. ನಮ್ಮ ಹಿಂದ ಕರಿಯವ್ವ ನಿಂತಾಳ. ಆಕಿನ್ನ ದಾಟಿ ಯಾರೂ ಬರಾಂಗಿಲ್ಲ."

ಅವನು ಹಸಿರು ಎತ್ತಿದ.